ಇಳಿದು ಬರಬೇಕಾದ ಜಕ್ಕಾಯರು

ನಂಜನಗೂಡಿನ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ಬೆಳಗಿನ ಪಾಳಿ ಆರಂಭವಾಗುವುದಕ್ಕೆ ಮುನ್ನ ಅರ್ಧ ಗಂಟೆ ನಿಂತು ನೋಡಿ. ಸುತ್ತಲಿನ ಹಳ್ಳಿಗಳಿಂದ, ತಿ. ನರಸೀಪುರದ ಕಡೆಯಿಂದ, ಗುಂಡ್ಲುಪೇಟೆಯ ಕಡೆಯಿಂದ ಬಸ್ಸುಗಳೂ ವ್ಯಾನುಗಳೂ ದ್ವಿಚಕ್ರ ವಾಹನಗಳೂ ಬಂದು ಸೇರುತ್ತವೆ. ಕೈಯಲ್ಲಿ ಊಟದ ಡಬ್ಬಿ, ಕೊರಳಲ್ಲಿ ಗುರುತಿನ ಚೀಟಿ. ಕಾಯಂ ನೌಕರನ ಚೀಟಿ ಬೇರೆ, ಗುತ್ತಿಗೆ ನೌಕರನ ಚೀಟಿ ಬೇರೆ. ಇಬ್ಬರೂ ಒಂದೇ ಯಂತ್ರದ ಮುಂದೆ ನಿಂತರೂ ಇಬ್ಬರ ಸಂಬಳ ಒಂದೇ ಅಲ್ಲ. ಭಾನುವಾರದ ಬಲಿಪೂಜೆಯಲ್ಲಿ ಕಾರ್ಖಾನೆಯೊಂದರ ಮೇಲಧಿಕಾರಿ ಮುಂದಿನ ಸಾಲಿನಲ್ಲಿಯೂ ಅದೇ ಕಾರ್ಖಾನೆಯ ಗುತ್ತಿಗೆ ನೌಕರ ಹಿಂದಿನ ಸಾಲಿನಲ್ಲಿಯೂ ಕುಳಿತಿರುವುದನ್ನು ನಾನು ಕಂಡಿದ್ದೇನೆ. ಸಮಾಧಾನದ ವಂದನೆಯ ಹೊತ್ತಿಗೆ ಇಬ್ಬರೂ ಪರಸ್ಪರ ಕೈಮುಗಿಯುತ್ತಾರೆ. ವಾರದ ಉಳಿದ ಆರು ದಿನ ಅವರ ನಡುವೆ ಒಂದು ಮಾತಿನ ವಿನಿಮಯವೂ ಇಲ್ಲ.

ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ಕಾಲದ ಒಂದು ಹೆಮ್ಮೆಯ ವ್ಯವಸ್ಥೆಯನ್ನು ಪ್ರಶ್ನಿಸಬೇಕೆಂದಿದ್ದೇನೆ. ಅದು ಜಗತ್ತಿನ ದೊಡ್ಡ ಉದ್ಯಮಗಳ ಮುಖ್ಯಸ್ಥರು ದೇಶದ ಗಡಿ ದಾಟಿ ಒಂದೆಡೆ ಸೇರಿ ಪರಸ್ಪರ ವಿಚಾರ ವಿನಿಮಯ ಮಾಡಿಕೊಳ್ಳುವ ಕೂಟಗಳ ವ್ಯವಸ್ಥೆ.

ಇಂಥ ಕೂಟಗಳು ಇಂದು ನಿನ್ನೆಯವಲ್ಲ. 1905ರಲ್ಲಿ ಚಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ನಾಲ್ಕಾರು ವ್ಯವಹಾರಸ್ಥರನ್ನು ಕೂಡಿಸಿಕೊಂಡು ರೋಟರಿಯನ್ನು ಆರಂಭಿಸಿದ. 1950ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಎಳೆಯ ವಯಸ್ಸಿನಲ್ಲೇ ಕಂಪನಿಗಳ ಅಧ್ಯಕ್ಷರಾದವರಿಗಾಗಿ ವೈ.ಪಿ.ಓ. ಎಂಬ ಸಂಘ ಹುಟ್ಟಿತು. ಅದರ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಕುಳಿತು ಮನಬಿಚ್ಚಿ ಮಾತನಾಡುತ್ತಾರೆ. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದೆಂಬುದು ನಿಯಮ. 1971ರಲ್ಲಿ ಕ್ಲಾಸ್ ಶ್ವಾಬ್ ಎಂಬ ಪ್ರಾಧ್ಯಾಪಕರು ಸ್ವಿಟ್ಜರ್ಲೆಂಡಿನ ದಾವೋಸ್ ಎಂಬ ಹಿಮದೂರಿನಲ್ಲಿ ಯೂರೋಪಿನ ವ್ಯವಸ್ಥಾಪಕರ ಸಮಾವೇಶವನ್ನು ಆರಂಭಿಸಿದರು. 1987ರಲ್ಲಿ ಅದು ವಿಶ್ವ ಆರ್ಥಿಕ ವೇದಿಕೆ ಎಂಬ ಹೆಸರು ಪಡೆಯಿತು. ಲಕ್ಷಾಂತರ ಸ್ವಿಸ್ ಫ್ರಾಂಕ್ ವಾರ್ಷಿಕ ಶುಲ್ಕ ತೆರುವ ಕಂಪನಿಗಳು ಅದರ ಪಾಲುದಾರರು. ಪ್ರಧಾನಿಗಳೂ ಮುಖ್ಯಮಂತ್ರಿಗಳೂ ಅಲ್ಲಿಗೆ ಹೋಗುತ್ತಾರೆ. ನಮ್ಮ ರಾಜ್ಯದಿಂದ 2020ರ ಜನವರಿಯಲ್ಲಿ ಯಡಿಯೂರಪ್ಪನವರು, 2022ರ ಮೇ ತಿಂಗಳಿನಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಗಳಾಗಿ ಹೋಗಿ ಬಂದರು.

ಇದರಿಂದ ನಮಗೇನು, ದೊಡ್ಡವರು ದೊಡ್ಡವರೊಡನೆ ಮಾತನಾಡಿಕೊಳ್ಳಲಿ ಬಿಡಿ, ಎಂದು ಓದುಗರು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಅಂದುಕೊಂಡಿದ್ದೆ. ಆದರೆ ಆ ಹಿಮದೂರಿನ ಮೇಜಿನಿಂದ ನಮ್ಮ ಕಪಿಲಾ ನದಿಯ ದಂಡೆಗೆ ಇರುವ ದೂರ ನಾವು ಭಾವಿಸಿದಷ್ಟು ದೊಡ್ಡದಲ್ಲ.

ಹಿಮದೂರಿನಿಂದ ಕಪಿಲೆಗೆ

ಸ್ವಿಟ್ಜರ್ಲೆಂಡಿನ ನೆಸ್ಲೆ ಸಂಸ್ಥೆಯ ಕಾರ್ಖಾನೆ ನಂಜನಗೂಡಿಗೆ ಬಂದುದು 1989ರಲ್ಲಿ. ಆಸ್ಟ್ರಿಯಾ ದೇಶದ ಎ.ಟಿ. ಅಂಡ್ ಎಸ್. ಸಂಸ್ಥೆ ಇಲ್ಲಿನ ವಿದ್ಯುನ್ಮಂಡಲ ಫಲಕಗಳ ಘಟಕವನ್ನು ಕೊಂಡುದು 1999ರಲ್ಲಿ. ಔಷಧ, ಬಣ್ಣ, ಬಟ್ಟೆ, ಕಾಗದ, ಸಕ್ಕರೆ ಹೀಗೆ ಬಗೆಬಗೆಯ ಉದ್ಯಮಗಳು ಈ ತಾಲ್ಲೂಕಿಗೆ ಬಂದವು. ಇವುಗಳಿಂದ ಸಾವಿರಾರು ಮನೆಗಳಲ್ಲಿ ಒಲೆ ಉರಿಯುತ್ತಿದೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ನನ್ನ ವಾದ ಕಾರ್ಖಾನೆಗಳ ವಿರುದ್ಧವಲ್ಲ.

ಆದರೆ ಇದನ್ನೂ ಗಮನಿಸಿ. 2008ರಲ್ಲಿ ದಾವೋಸ್ ವೇದಿಕೆಯ ಮಾತುಕತೆಗಳ ಫಲವಾಗಿ '2030 ಜಲಸಂಪನ್ಮೂಲ ಗುಂಪು' ಎಂಬ ಕೂಟ ರೂಪುಗೊಂಡಿತು. ನೆಸ್ಲೆಯ ಅಂದಿನ ಅಧ್ಯಕ್ಷ ಪೀಟರ್ ಬ್ರಾಬೆಕ್ ಅದರ ಮುಂದಾಳುಗಳಲ್ಲಿ ಒಬ್ಬರು. 2030ರ ಹೊತ್ತಿಗೆ ಜಗತ್ತಿನ ನೀರಿನ ಬೇಡಿಕೆಗೂ ಪೂರೈಕೆಗೂ ನಡುವೆ ಶೇಕಡ 40ರಷ್ಟು ಅಂತರ ಬೀಳಲಿದೆ ಎಂದು 2009ರಲ್ಲಿ ಈ ಗುಂಪು ಎಚ್ಚರಿಸಿತು. ಕರ್ನಾಟಕ ಸರ್ಕಾರದೊಡನೆಯೂ ಅದು ಕೆಲಸ ಮಾಡಿತು. 2025ರ ಏಪ್ರಿಲಿನಲ್ಲಿ ಶ್ವಾಬ್ ಅವರು ದಾವೋಸ್ ವೇದಿಕೆಯ ಅಧ್ಯಕ್ಷಪೀಠದಿಂದ ಕೆಳಗಿಳಿದಾಗ ಕೆಲವು ತಿಂಗಳ ಮಟ್ಟಿಗೆ ಹಂಗಾಮಿ ಅಧ್ಯಕ್ಷರಾದವರೂ ಇದೇ ಬ್ರಾಬೆಕ್. ನೀರಿನ ಬಗ್ಗೆ ಕಾಳಜಿ ತಪ್ಪೆಂದು ಯಾರು ಹೇಳಿಯಾರು? ಆದರೆ ಇಲ್ಲೊಂದು ಪ್ರಶ್ನೆ ಉಳಿಯುತ್ತದೆ. ಕಪಿಲೆ ನಂಜನಗೂಡನ್ನು ದಾಟಿ ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಮೇಲಿನ ಊರಿನಲ್ಲಿ ನದಿಗೆ ಸೇರಿದ್ದೆಲ್ಲ ಕೆಳಗಿನ ಊರಿನ ಪಾಲು. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪಟ್ಟಿ ಮಾಡಿದ ದೇಶದ 351 ಮಲಿನ ನದಿಪಾತ್ರಗಳಲ್ಲಿ ನಂಜನಗೂಡಿನ ಬಳಿಯ ಕಪಿಲೆಯೂ ಸೇರಿದ್ದಳು. ಇದರಲ್ಲಿ ಊರ ಚರಂಡಿಯ ಪಾಲೂ ಇದೆ. ನಮ್ಮ ಮನೆಗಳ ಪಾಲೂ ಇದೆ. ಹಾಗಿದ್ದ ಮೇಲೆ ನೀರಿನ ಕುರಿತ ವಿಚಾರ ವಿನಿಮಯದಲ್ಲಿ ಕೆಳದಂಡೆಯ ರೈತ, ಬೆಸ್ತ, ಅಗಸ ಇವರ ಸ್ಥಾನವೆಲ್ಲಿ?

ತಿರುಮಕೂಡಲಿನಲ್ಲಿ ಹುಟ್ಟಿ ಬೆಳೆದವರಿಗೆ ಸಂಗಮವೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಬೇರೆ ಬೇರೆ ಬೆಟ್ಟಗಳಲ್ಲಿ ಹುಟ್ಟಿ, ಬೇರೆ ಬೇರೆ ಮಣ್ಣಿನ ಬಣ್ಣ ಹೊತ್ತು ಬಂದ ನೀರುಗಳು ಕೂಡುವುದು ಸಂಗಮ. ಒಂದೇ ನದಿ ತನ್ನ ನೀರನ್ನೇ ತಾನು ಕೂಡಿಕೊಂಡರೆ ಅದು ಸಂಗಮವಲ್ಲ, ಸುಳಿ. ಮುಖ್ಯಸ್ಥರು ಮುಖ್ಯಸ್ಥರೊಡನೆ ಮಾತ್ರ ನಡೆಸುವ ವಿಚಾರ ವಿನಿಮಯವನ್ನು ನಾನು ಸುಳಿಯೆಂದೇ ಕರೆಯುತ್ತೇನೆ. ಸುಳಿಗೆ ರಭಸವುಂಟು, ಆಳವುಂಟು; ನೋಡುವವರಿಗೆ ಅದು ಸೊಬಗೂ ಹೌದು. ಹತ್ತಿರ ಹೋದವರನ್ನು ಅದು ಎಲ್ಲಿಗೆ ಎಳೆಯುತ್ತದೆಂಬುದು ದಂಡೆಯವರಿಗೆ ಗೊತ್ತು.

ಮೇಜಿನ ಮಾತು ಕಾನೂನಾದಾಗ

'ಅವರು ಬರೀ ಮಾತನಾಡುತ್ತಾರೆ, ಏನೂ ನಿರ್ಧರಿಸುವುದಿಲ್ಲ' ಎಂಬುದು ಈ ಕೂಟಗಳ ಪರವಾಗಿ ಸಾಮಾನ್ಯವಾಗಿ ಕೇಳಿಬರುವ ಸಮರ್ಥನೆ. ಇದು ಅರ್ಧಸತ್ಯ. ಅಲ್ಲಿ ನಿರ್ಣಯ ಮಂಡಿಸುವುದಿಲ್ಲ, ಮತ ಹಾಕುವುದಿಲ್ಲ, ನಿಜ. ಆದರೆ ಒಂದು ವಿಚಾರ ಹಲವು ಪ್ರಭಾವಿಗಳ ಬಾಯಲ್ಲಿ ಹಲವು ವರ್ಷ ಸುತ್ತಿದರೆ ಅದು 'ಎಲ್ಲರೂ ಒಪ್ಪಿದ ಸಂಗತಿ' ಎಂಬ ವೇಷ ತೊಡುತ್ತದೆ. ಆಮೇಲೆ ಅದು ಸರ್ಕಾರದ ಕಡತವನ್ನು ಸೇರುತ್ತದೆ.

ದುಡಿಮೆಯ ಅವಧಿಯನ್ನೇ ತೆಗೆದುಕೊಳ್ಳಿ. 2020ರ ಮೇ 22ರಂದು ನಮ್ಮ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ ದುಡಿಸಲು ಅನುಮತಿ ನೀಡಿ ಅಧಿಸೂಚನೆ ಹೊರಡಿಸಿತು. ಉಚ್ಚ ನ್ಯಾಯಾಲಯ ಪ್ರಶ್ನಿಸಿದ ಬಳಿಕ ಜೂನ್ ತಿಂಗಳಲ್ಲಿ ಅದನ್ನು ಹಿಂಪಡೆಯಿತು. ಆದರೆ ವಿಚಾರ ಸಾಯಲಿಲ್ಲ. 2023ರ ಫೆಬ್ರವರಿಯಲ್ಲಿ ವಿಧಾನಮಂಡಲದ ಮುಂದೆ ಬಂದ ಕಾರ್ಖಾನೆ ಕಾಯಿದೆಯ ತಿದ್ದುಪಡಿ, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆಯವರೆಗೂ ದುಡಿಸಲು ದಾರಿ ಮಾಡಿಕೊಟ್ಟಿತು. ಸ್ಪರ್ಧಾತ್ಮಕ ಜಗತ್ತಿನಲ್ಲಿ ಬಂಡವಾಳ ಸೆಳೆಯಲು ಇದು ಅನಿವಾರ್ಯ ಎಂಬುದೇ ಅದರ ಪರವಾದ ವಾದ. ವಾರಕ್ಕೆ 48 ಗಂಟೆ ಎಂಬ ಲೆಕ್ಕ ಕಾಗದದ ಮೇಲೆ ಬದಲಾಗಲಿಲ್ಲ. ಆದರೆ ಹಳ್ಳಿಯಿಂದ ಒಂದೂವರೆ ಗಂಟೆ ಪ್ರಯಾಣ ಮಾಡಿ ಬರುವ ಹೆಣ್ಣುಮಗಳಿಗೆ ಹೋಗಿಬರುವ ಹೊತ್ತೂ ಸೇರಿ ಅದು 15 ಗಂಟೆಯಾಗುತ್ತದೆ. ಮಗುವಿಗೆ ಊಟ ಮಾಡಿಸುವುದು ಯಾವ ಗಂಟೆಯಲ್ಲಿ? ಮನೆಮಂದಿಯೆಲ್ಲ ಕೂಡಿ ಜಪಸರ ಮಾಡುವುದು ಯಾವ ಗಂಟೆಯಲ್ಲಿ? ಈ ಲೆಕ್ಕ ಅವಳಿಗೆ ಮಾತ್ರ ಗೊತ್ತಿತ್ತು. ಮೇಜಿನ ಸುತ್ತ ಅವಳಿರಲಿಲ್ಲ.

ರೇಷ್ಮೆಯ ಕಥೆಯೂ ಇಂಥದೇ. ತಿ. ನರಸೀಪುರದಲ್ಲಿ ಸರ್ಕಾರದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಿದೆ. ಇಲ್ಲಿ ಗೂಡಿನಿಂದ ಬಿಚ್ಚಿದ ನೂಲು ಮೈಸೂರಿಗೆ ಹೋಗಿ, ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ಸ್ಥಾಪಿಸಿದ ನೇಯ್ಗೆ ಕಾರ್ಖಾನೆಯಲ್ಲಿ ಮೈಸೂರು ರೇಷ್ಮೆ ಸೀರೆಯಾಗುತ್ತದೆ. ಹಿಪ್ಪುನೇರಳೆ ಬೆಳೆದು, ಹಗಲಿರುಳು ಹುಳುವಿಗೆ ಸೊಪ್ಪು ಕೊಟ್ಟು, ಚಂದ್ರಿಕೆಯಿಂದ ಗೂಡು ಬಿಡಿಸುವ ರೈತನ ದುಡಿಮೆ ಇದರ ಬುಡದಲ್ಲಿದೆ. 2011ರ ಕೇಂದ್ರ ಮುಂಗಡಪತ್ರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿತು. ಚೀನಾದ ಅಗ್ಗದ ರೇಷ್ಮೆಗೆ ಬಾಗಿಲು ತೆರೆಯಿತು, ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇಕಡ 15ಕ್ಕೆ ಏರಿಸಬೇಕಾಯಿತು. ಈ ತೀರ್ಮಾನವಾದುದು ದೆಹಲಿಯಲ್ಲಿ, ದಾವೋಸಿನಲ್ಲಲ್ಲ. ಅಗ್ಗದ ನೂಲು ಬೇಕೆಂದ ನೇಕಾರರ ಅಳಲೂ ಸುಳ್ಳಲ್ಲ. ಆದರೆ 'ಸುಂಕ ಇಳಿಸಿದಷ್ಟೂ ಒಳಿತು' ಎಂಬ ಮಂತ್ರ ದಶಕಗಳ ಕಾಲ ಪಠಿಸಲ್ಪಟ್ಟದ್ದು ಇಂಥ ಸಭಾಂಗಣಗಳಲ್ಲೇ. ಹುಳು ಸಾಕುವವನ ಎರಡು ವರ್ಷಗಳ ಸಾಲ ಆ ಮಂತ್ರದ ಬೆಲೆ.

ಇನ್ನು ಹೂಡಿಕೆದಾರರ ಸಮಾವೇಶಗಳು. ಬೆಂಗಳೂರಿನಲ್ಲಿ 2010, 2012, 2016, 2022, 2025 ಹೀಗೆ ಅವು ನಡೆದುಬಂದಿವೆ. 2025ರ ಫೆಬ್ರವರಿಯ ಸಮಾವೇಶದಲ್ಲಿ ಬಂದ ಹೂಡಿಕೆಯ ಭರವಸೆ 10.27 ಲಕ್ಷ ಕೋಟಿ ರೂಪಾಯಿ ಎಂದು ಘೋಷಿಸಲಾಯಿತು. ಭರವಸೆಯ ಮೊತ್ತವನ್ನು ಮುಖಪುಟದಲ್ಲಿ ಓದುತ್ತೇವೆ. ಕಾರ್ಖಾನೆ ಮುಚ್ಚಿದ ಸುದ್ದಿಯನ್ನು ಒಳಪುಟದ ಮೂಲೆಯಲ್ಲಿ ಹುಡುಕಬೇಕು. ನಂಜನಗೂಡು ತಾಲ್ಲೂಕಿನ ರೀಡ್ ಅಂಡ್ ಟೇಲರ್ ಬಟ್ಟೆ ಕಾರ್ಖಾನೆ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಲುಕಿ ಮುಂದೆ ಮಾರಾಟದ ಸ್ವತ್ತಾದಾಗ, ಬೀದಿಗೆ ಬಿದ್ದ ಕುಟುಂಬಗಳಿಗಾಗಿ ಯಾವ ಜಾಗತಿಕ ಸಮಾವೇಶ ನಡೆಯಿತು?

ಪಾಲುದಾರರೆಂಬ ಹೆಸರು

ದಾವೋಸಿನವರು ಈ ಟೀಕೆಯನ್ನು ಅರಿಯದವರಲ್ಲ. 1973ರಲ್ಲಿಯೇ ಅವರು ಒಂದು ಪ್ರಣಾಳಿಕೆ ಹೊರಡಿಸಿ, ಉದ್ಯಮದ ಆಡಳಿತ ಷೇರುದಾರರಿಗೆ ಮಾತ್ರವಲ್ಲದೆ ಗ್ರಾಹಕರಿಗೂ ಕಾರ್ಮಿಕರಿಗೂ ಸಮಾಜಕ್ಕೂ ಸೇವೆ ಸಲ್ಲಿಸಬೇಕೆಂದರು. 2019ರ ಆಗಸ್ಟಿನಲ್ಲಿ ಅಮೆರಿಕದ 181 ಕಂಪನಿಗಳ ಮುಖ್ಯಸ್ಥರು ಇದೇ ಅರ್ಥದ ಹೇಳಿಕೆಗೆ ಸಹಿ ಹಾಕಿದರು. 2020ರ ಜನವರಿಯಲ್ಲಿ ದಾವೋಸ್ ತನ್ನ ಐವತ್ತನೆಯ ಸಮಾವೇಶವನ್ನು ಎಲ್ಲರೂ ಪಾಲುದಾರರು ಎಂಬ ಘೋಷಣೆಯೊಡನೆ ಆಚರಿಸಿತು.

ಅದಾಗಿ ಎರಡೇ ತಿಂಗಳು. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರಲ್ಲಿ ಕೊರೋನಾ ಕಾಣಿಸಿಕೊಂಡು, ಇಡೀ ಊರು ರಾಜ್ಯದ ಕಣ್ಣಿಗೆ ಬಿತ್ತು. ಕಾರ್ಮಿಕರನ್ನೂ ಅವರ ಮನೆಯವರನ್ನೂ ಪ್ರತ್ಯೇಕವಾಗಿಡಲಾಯಿತು. ಸುದ್ದಿಯಲ್ಲಿ ಅವರು ಬರೀ ಸಂಖ್ಯೆಗಳಾದರು. ಆ ಕಾರ್ಖಾನೆಗೆ ಹೋಗಿಬರುವವರ ಮನೆಯವರೆಂದರೆ ನೆರೆಯವರು ಕದ ಮುಚ್ಚಿಕೊಂಡ ದಿನಗಳವು. ಜಗತ್ತಿನ ಸರಕು ಸಾಗಣೆಯ ಸರಪಳಿಯಲ್ಲಿ ತಾನೂ ಒಂದು ಕೊಂಡಿಯೆಂದು ನಂಜನಗೂಡಿನ ಕಾರ್ಮಿಕನಿಗೆ ತಿಳಿದದ್ದು ಹೀಗೆ. ಪಾಲುದಾರ ಎಂಬ ಗೌರವ ಅವನ ಹೆಸರಿನ ಮೇಲೆ ದೂರದೇಶದಲ್ಲಿ ಬರೆಯಲ್ಪಟ್ಟಿತ್ತು. ಅವನ ಕೈಗೆ ಬಂದದ್ದು ಅಪಾಯದ ಪಾಲು.

ಇಲ್ಲಿ ಮೂರು ಆಕ್ಷೇಪಗಳನ್ನು ಎದುರಿಸಬೇಕು. ಒಂದು: ಅಧಿಕಾರದ ತುದಿಯಲ್ಲಿರುವವನು ಒಂಟಿ, ಅವನಿಗೂ ಸಮಾನರೊಡನೆ ಮನಬಿಚ್ಚುವ ತಾವು ಬೇಕು. ಒಪ್ಪುತ್ತೇನೆ. ವ್ಯಾಪಾರದ ಗುಟ್ಟುಗಳು ಗುಟ್ಟಾಗಿರಲಿ. ಆದರೆ ನದಿಯ ನೀರು ವ್ಯಾಪಾರದ ಗುಟ್ಟಲ್ಲ. ದುಡಿಮೆಯ ಗಂಟೆ ವ್ಯಾಪಾರದ ಗುಟ್ಟಲ್ಲ. ಎರಡು: ಕಾರ್ಮಿಕನಿಗೂ ರೈತನಿಗೂ ಜಾಗತಿಕ ವ್ಯವಹಾರ ಏನು ತಿಳಿದೀತು? ಯಂತ್ರದ ಸದ್ದು ಬದಲಾದುದನ್ನು ಎಂಜಿನಿಯರಿಗಿಂತ ಮೊದಲು ಕೇಳಿಸಿಕೊಳ್ಳುವವನು ಅದರ ಪಕ್ಕದಲ್ಲಿ ನಿಂತವನೇ. ಮೂರು: ಹೆಚ್ಚು ಪ್ರಶ್ನೆ ಕೇಳಿದರೆ ಬಂಡವಾಳ ಬೇರೆ ರಾಜ್ಯಕ್ಕೆ ಹೋದೀತು. ಪ್ರಶ್ನೆಗೆ ಹೆದರಿ ಓಡುವ ಬಂಡವಾಳ ನಾಳೆ ಕೂಲಿ ಒಂದು ರೂಪಾಯಿ ಅಗ್ಗವಾಗಿರುವ ಕಡೆಗೂ ಓಡುತ್ತದೆ. ಅಂಥದನ್ನು ನಮ್ಮ ಮೌನ ಕಟ್ಟಿಹಾಕಲಾರದು.

ಒಳ್ಳೆಯ ಮಾದರಿ ಇಲ್ಲದಿಲ್ಲ. ಆರಂಭದಲ್ಲಿ ಹೇಳಿದ ರೋಟರಿಯನ್ನೇ ನೋಡಿ. 1985ರಲ್ಲಿ ಅದು ಪೋಲಿಯೋ ನಿರ್ಮೂಲನದ ಹೊಣೆ ಹೊತ್ತಿತು. ನಮ್ಮ ದೇಶದಲ್ಲಿ ಪೋಲಿಯೋ ಕೊನೆಯದಾಗಿ ಕಾಣಿಸಿಕೊಂಡುದು 2011ರ ಜನವರಿಯಲ್ಲಿ. 2014ರ ಮಾರ್ಚಿನಲ್ಲಿ ದೇಶ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಈ ವಿಚಾರ ಗೆದ್ದುದೇಕೆ? ಭೋಜನಕೂಟದಲ್ಲಿ ಮುಗಿಯದೆ, ಅದು ಲಸಿಕೆಯ ಪೆಟ್ಟಿಗೆ ಹೊತ್ತ ಅಂಗನವಾಡಿ ಕಾರ್ಯಕರ್ತೆಯೊಡನೆ ಮನೆ ಮನೆಯ ಹೊಸ್ತಿಲಿಗೆ ಬಂದುದರಿಂದ. ಬಾಗಿಲು ತೆರೆಯದ ತಾಯಿಯ ಸಂಶಯವನ್ನೂ ಕೇಳಿಸಿಕೊಂಡುದರಿಂದ. ಶ್ರೀಮಂತರ ಕೂಟವೊಂದರ ವಿಚಾರ ಎರಡು ಹನಿಯಾಗಿ ಕೂಸಿನ ತುಟಿಗೆ ಇಳಿಯಿತು. ಯಾವುದೇ ಕೂಟದ ವಿಚಾರಕ್ಕೂ ಇದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ.

ನಮ್ಮ ಮನೆಯ ಅಂಗಳ

ಇತರರತ್ತ ಬೆರಳು ತೋರಿಸಿ ನಿಲ್ಲುವುದು ನಮಗೆ ಸಲ್ಲದು. ಕ್ರೈಸ್ತ ಉದ್ಯಮಿಗಳಿಗೂ ಒಂದು ಜಾಗತಿಕ ಕೂಟವಿದೆ. ಹದಿಮೂರನೆಯ ಲಿಯೋ ಜಗದ್ಗುರುಗಳು ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು 1891ರಲ್ಲಿ ಬರೆದ ವಿಶ್ವಪತ್ರದ ನಲವತ್ತನೆಯ ವರ್ಷವಾದ 1931ರಲ್ಲಿ ಯೂರೋಪಿನ ಕಥೋಲಿಕ ಉದ್ಯೋಗದಾತರು ಅದನ್ನು ಕಟ್ಟಿದರು. ಇಂದು ಅದು ಯುನಿಯಾಪಾಕ್ ಎಂದು ಹೆಸರಾಗಿದೆ. 2012ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಅದರ ಮಹಾಸಮ್ಮೇಳನದಲ್ಲಿ, ಉದ್ಯಮ ನಾಯಕತ್ವವೂ ದೇವರ ಕರೆಯೆಂದು ವಿವರಿಸುವ ಕಿರುಹೊತ್ತಗೆಯನ್ನು ವ್ಯಾಟಿಕನ್ ಮುಂದಿಟ್ಟಿತು. ಅದು ನಡೆಯುವ ದಾರಿ 'ನೋಡು, ವಿವೇಚಿಸು, ಕಾರ್ಯಗೊಳಿಸು' ಎಂಬ ಮೂರು ಹೆಜ್ಜೆಗಳದ್ದು. ಈ ಮೂರು ಹೆಜ್ಜೆಗಳು ಬಂದುದೆಲ್ಲಿಂದ? ಬೆಲ್ಜಿಯಂನ ಗುರುಗಳಾದ ಜೋಸೆಫ್ ಕಾರ್ಡೈನ್ 1925ರಲ್ಲಿ ಸ್ಥಾಪಿಸಿದ ಯುವ ಕ್ರೈಸ್ತ ಕಾರ್ಮಿಕರ ಚಳವಳಿಯಿಂದ. ಗಿರಣಿಯ ಹುಡುಗ ಹುಡುಗಿಯರು ತಮ್ಮ ಬದುಕನ್ನು ತಾವೇ ನೋಡಿ ವಿವೇಚಿಸುವುದಕ್ಕಾಗಿ ಕಲಿತ ಕ್ರಮವೇ ಮುಂದೆ ಉದ್ಯಮಪತಿಗಳ ಪಾಠವಾಯಿತು. ವಿಚಾರ ಕೆಳಗಿನಿಂದ ಮೇಲಕ್ಕೂ ಹರಿಯಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ದಾವೋಸಿಗೆ 2014ರಲ್ಲಿ ಸಂದೇಶ ಕಳುಹಿಸಿದ ಫ್ರಾನ್ಸಿಸ್ ಜಗದ್ಗುರುಗಳು, ಸಂಪತ್ತು ಮನುಷ್ಯನನ್ನು ಆಳಬಾರದು, ಅವನ ಸೇವೆ ಮಾಡಬೇಕು ಎಂಬರ್ಥದ ಮಾತನ್ನು ಅಲ್ಲಿ ಕೂಡಿದವರ ಮುಂದಿಟ್ಟರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಜಗದ್ಗುರುಗಳು, ಕಾರ್ಮಿಕರ ಪರವಾಗಿ ಬರೆದ ಆ ಹಿಂದಿನ ಲಿಯೋ ಅವರನ್ನು ನೆನೆದೇ ತಮ್ಮ ಹೆಸರನ್ನು ಆರಿಸಿಕೊಂಡುದಾಗಿ ತಿಳಿಸಿದರು. ಹೆಸರು ರೋಮಿನಲ್ಲಿ ಬದಲಾದರೆ ಸಾಲದು. ನಮ್ಮ ಶಾಲೆ, ಆಸ್ಪತ್ರೆ, ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಕುಳಿತವರಾರು? ವರ್ಷ ವರ್ಷ ನವೀಕರಣಕ್ಕಾಗಿ ಕಾಯುವ ಶಿಕ್ಷಕಿ, ಆಯಾ, ಕಾವಲುಗಾರ ಅಲ್ಲಿದ್ದಾರೆಯೇ? ಜೂಬಿಲಿ ಸಮಾರಂಭದ ವೇದಿಕೆಯಲ್ಲಿ ದಾನಿಗಳಿಗೆ ಶಾಲು ಹೊದಿಸುವ ನಾವು, ಅದೇ ವೇದಿಕೆ ಕಟ್ಟಿದವನ ಕೂಲಿಯನ್ನು ಆ ಸಂಜೆಯೇ ಕೊಟ್ಟಿದ್ದೇವೆಯೇ? ಈ ಪ್ರಶ್ನೆ ನನಗೂ ಸೇರಿದ್ದು.

ಆದ್ದರಿಂದ ಮೂರು ಬೇಡಿಕೆಗಳನ್ನು ಇಡುತ್ತೇನೆ. ಮೊದಲನೆಯದು, ನಮ್ಮ ಎರಡು ತಾಲ್ಲೂಕುಗಳ ಉದ್ಯಮಗಳಿಂದ ಯಾವುದೇ ಜಾಗತಿಕ ಕೂಟಕ್ಕೆ ಹೋಗುವವರು, ಹಿಂದಿರುಗಿದ ತಿಂಗಳೊಳಗೆ ತಮ್ಮ ಕಾರ್ಮಿಕರ ಮುಂದೆ, ಗುತ್ತಿಗೆಯವರೂ ಸೇರಿದಂತೆ, ಒಂದು ಗಂಟೆ ಕುಳಿತು ಅಲ್ಲಿ ಕೇಳಿದ್ದೇನು, ಹೇಳಿದ್ದೇನು ಎಂದು ಕನ್ನಡದಲ್ಲಿ ವಿವರಿಸಲಿ, ಪ್ರಶ್ನೆಗಳಿಗೆ ಉತ್ತರಿಸಲಿ. ಎರಡನೆಯದು, ಹೂಡಿಕೆಯ ಭರವಸೆಗಳ ಲೆಕ್ಕ ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಬರಲಿ: ಎಷ್ಟು ಕೆಲಸ ಕಾಯಂ, ಎಷ್ಟು ಗುತ್ತಿಗೆ, ಎಷ್ಟು ನೀರು ಒಳಗೆ, ಎಷ್ಟು ನೀರು ಹೊರಗೆ. ಮೂರನೆಯದು ನಮ್ಮದೇ ಕೆಲಸ. ಒಂದೇ ಧರ್ಮಕೇಂದ್ರದ ಅಧಿಕಾರಿಯೂ ಕಾರ್ಮಿಕನೂ ರೈತನೂ ವರ್ಷಕ್ಕೆ ನಾಲ್ಕು ಬಾರಿಯಾದರೂ ಒಂದೇ ಚಾಪೆಯ ಮೇಲೆ ಕುಳಿತು ಮಾತನಾಡಲಿ. ಅದಕ್ಕೆ ವಿಮಾನದ ಚೀಟಿ ಬೇಡ, ಶುಲ್ಕ ಬೇಡ. ದೇವಾಲಯದ ಸಭಾಂಗಣದ ಬೀಗದ ಕೈ ಸಾಕು.

ಜೆರಿಕೋ ಪಟ್ಟಣದ ಜಕ್ಕಾಯನನ್ನು ನೆನಪಿಸಿಕೊಳ್ಳೋಣ. ಅವನು ಸಾಮಾನ್ಯ ಸುಂಕದವನಲ್ಲ, ಸುಂಕದವರ ಮುಖ್ಯಸ್ಥ. ಇಂದಿನ ಮಾತಿನಲ್ಲಿ ಹೇಳುವುದಾದರೆ ಹಿರಿಯ ಕಾರ್ಯನಿರ್ವಾಹಕ. ಯೇಸುಸ್ವಾಮಿಯನ್ನು ಕಾಣಲು ಅವನು ಮರವೇರಿದ. ಯೇಸುಸ್ವಾಮಿ ಆ ಮರದ ಮೇಲೆಯೇ ಅವನೊಡನೆ ವಿಚಾರ ವಿನಿಮಯ ನಡೆಸಲಿಲ್ಲ. ಬೇಗ ಇಳಿದು ಬರುವಂತೆ ಕರೆದರು. ಇಳಿದು ಬಂದವನು ಇತರ ಸುಂಕದವರ ಸಭೆ ಕರೆಯಲಿಲ್ಲ. ತನ್ನಿಂದ ಮೋಸಹೋದವರಿಗೆ ನಾಲ್ಕು ಪಟ್ಟು ಹಿಂದಿರುಗಿಸಲು ಹೊರಟ. ಆ ದಿನ ಅವನ ಮನೆಗೆ ಉದ್ಧಾರ ಬಂತು.

ನಮ್ಮ ಜಕ್ಕಾಯರು ಕೆಟ್ಟವರಲ್ಲ. ಕೆಲವರು ನಮ್ಮ ಮನೆಯ ಮಕ್ಕಳೇ. ಅವರು ಏರಿರುವ ಮರ ಬಹಳ ಎತ್ತರದ್ದು, ಅಷ್ಟೇ. ಬುಡದಲ್ಲಿ ನಿಂತ ನಾವು ಇಷ್ಟು ದಿನ ಮೇಲಕ್ಕೆ ನೋಡಿ ಕೈಮುಗಿದೆವು. ಇನ್ನು ಹೆಸರು ಹಿಡಿದು ಕರೆಯೋಣ.